ಘಟ್ಟದ ದಾರಿಯಲ್ಲಿ ಆಂಟೆನಾ ಪರೀಕ್ಷೆ: ಬೆಂಗಳೂರಿನಿಂದ ಹೊನ್ನಾವರಕ್ಕೆ

ಶುಕ್ರವಾರ, ಬೆಂಗಳೂರು

ಡಿಸೆಂಬರಿನಲ್ಲಿ ಮಲೆನಾಡನ್ನು ನಿಧಾನವಾಗಿ ಸುತ್ತಿ ಹೊನ್ನಾವರದಲ್ಲಿ ಕಡಲು ಮುಟ್ಟಬೇಕೆಂಬುದು ನಮ್ಮ ಯೋಜನೆಯಾಗಿತ್ತು. ವಾಹನ ಭಾವನದು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ತಲೆಯೆತ್ತಿ ನಿಲ್ಲುವಷ್ಟು ಎತ್ತರ ಬರಲೆಂದು ಮೂಲದ ತಗಡಿನ ಛಾವಣಿಯನ್ನು ತೆಗೆಸಿ ಫೈಬರ್ ಛಾವಣಿ ಕೂರಿಸಿ, ಹಾಸಿಗೆ, ಮೇಜು, ಒಲೆ, ಸೌರಫಲಕಗಳನ್ನು ಅವರೇ ನಿಂತು ಜೋಡಿಸಿದ್ದರು. ಉಳಿದಿದ್ದ ಒಂದೇ ಕೊರತೆ ಇಂಟರ್ನೆಟ್ಟಿನದು. ಅಕ್ಕ ಭಾನುವಾರ ಬಿಟ್ಟು ಉಳಿದೆಲ್ಲ ಸಂಜೆ ಆರು ಗಂಟೆಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆನ್‌ಲೈನ್ ಗಣಿತ ಪಾಠ ಹೇಳುತ್ತಾಳೆ. ನನಗೆ ಹಗಲೆಲ್ಲ ಕಚೇರಿಯ ಕಡತಗಳು. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದು ಅಲ್ಲಿನವರಿಗೆ ಹೊಸತಲ್ಲವಾದರೂ, ಲ್ಯಾಪ್‌ಟಾಪ್ ಹಿಡಿದು ದಿನವೂ ಹತ್ತುವುದು ನಮ್ಮಿಂದಾಗುವ ಕೆಲಸವಾಗಿರಲಿಲ್ಲ.

ವಾಹನದೊಳಗೆ ಮೊಬೈಲಿಗೆ ಸಿಗ್ನಲ್ ಕಡಿಮೆಯಾಗಲು ಕಾರಣ ಸರಳವಾಗಿದೆ. ಸುತ್ತಲಿನ ಉಕ್ಕಿನ ಗೋಡೆ ರೇಡಿಯೊ ತರಂಗಗಳನ್ನು ತಡೆಯುತ್ತದೆ, ಕಿಟಕಿಗೆ ಲೋಹಾಂಶವಿರುವ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ್ದರೆ ಅದೂ ತಡೆಯುತ್ತದೆ, ಅವೆರಡನ್ನೂ ದಾಟಿ ಬಂದದ್ದನ್ನು ಮೊಬೈಲಿನ ಅಂಚಿನಲ್ಲಿ ಅಡಗಿರುವ ಸಣ್ಣ ಆಂಟೆನಾ ಹಿಡಿಯಬೇಕಾಗುತ್ತದೆ. ಆದ್ದರಿಂದ ಸಿಮ್ ಹಾಕುವ ರೌಟರನ್ನು ಒಳಗಿಟ್ಟು, ಆಂಟೆನಾವನ್ನು ಹೊರಗೆ ಎತ್ತರದಲ್ಲಿಟ್ಟು, ನಡುವೆ ಕೇಬಲ್ ಎಳೆಯುವುದು ಎಲ್ಲರೂ ಅನುಸರಿಸುವ ಮಾರ್ಗ. ನಮ್ಮ ರೌಟರ್ 12 ವೋಲ್ಟಿನಲ್ಲಿ ನಡೆಯುವ, ಎರಡು ಸಿಮ್ ಹಿಡಿಯುವ ಕೆಟಗರಿ 6 ಎಂಬ ವೇಗದ ದರ್ಜೆಯ 4ಜಿ ಯಂತ್ರವಾಗಿದ್ದು, ಮೊಬೈಲ್ ಜಾಲಕ್ಕಾಗಿ ಅದರಲ್ಲಿ ಎರಡು ಆಂಟೆನಾ ಸಾಕೆಟ್‌ಗಳಿದ್ದವು. 5ಜಿ ರೌಟರನ್ನು ನಾನು ಬೇಕೆಂದೇ ಬಿಟ್ಟಿದ್ದೆ. ನಮ್ಮಲ್ಲಿ 5ಜಿಯ ವೇಗವೆಲ್ಲ ಬರುವುದು ಹೆಚ್ಚಾಗಿ 3300 ಮೆಗಾಹರ್ಟ್ಸಿನ ಮೇಲಿನ ತರಂಗಗಳಿಂದ. ಅವು ಪೇಟೆಯಲ್ಲಿ ಚೆಂದ, ಕಾಡಿನ ತಿರುವಿನಲ್ಲಿ ಹೆಚ್ಚು ದೂರ ಸಾಗುವುದಿಲ್ಲ.

ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಆಂಟೆನಾ ಕೇಳಿದರೆ ಮೊದಲು ಬರುವ ಮಾತು ಡಿಬಿಐ, ಅಂದರೆ ಆಂಟೆನಾ ಸಿಗ್ನಲನ್ನು ಒಂದು ಕಡೆಗೆ ಎಷ್ಟು ಒಟ್ಟುಗೂಡಿಸುತ್ತದೆಂಬುದರ ಅಳತೆ. ‘ಇದು ಐದು, ಇದು ಒಂಬತ್ತು, ಇದು ಹನ್ನೆರಡು, ಎಷ್ಟು ಬೇಕು ಹೇಳಿ ಸಾರ್’ ಎಂದು ತೂಕದ ಸರಕಿನಂತೆ ಮುಂದಿಡುತ್ತಾರೆ. ನಾನು ಕೇಳಿದ್ದು ಮೂರು ಸಂಗತಿಗಳನ್ನು: ಯಾವ ಯಾವ ಬ್ಯಾಂಡಿಗೆ (ಮೊಬೈಲ್ ಜಾಲ ಬಳಸುವ ತರಂಗಗಳ ಗುಂಪಿಗೆ) ಹೊಂದುತ್ತದೆ, ಎಷ್ಟು ಕೇಬಲ್‌ಗಳಿವೆ, ಆ ಕೇಬಲ್ ಯಾವ ಜಾತಿಯದು. ನಮ್ಮ ದೇಶದ 4ಜಿ ಹರಿಯುವುದು 850, 900, 1800, 2100, 2300 ಮತ್ತು 2500 ಮೆಗಾಹರ್ಟ್ಸ್ ಬ್ಯಾಂಡುಗಳಲ್ಲಿ. ಬಿಎಸ್‌ಎನ್‌ಎಲ್ ತನ್ನ 4ಜಿಗೆ 2100ರ ಜೊತೆಗೆ 700ನ್ನೂ ಬಳಸುತ್ತದೆ. ಗುಡ್ಡವನ್ನು ಬಳಸಿ, ಎಲೆಗಳನ್ನು ತೂರಿ ದೂರ ಬರುವುದು 700ರಿಂದ 900ರವರೆಗಿನ ಕೆಳ ಬ್ಯಾಂಡುಗಳು. ಅಗ್ಗದ ಆಂಟೆನಾಗಳ ಪೆಟ್ಟಿಗೆಯ ಮೇಲೆ ‘700–2700’ ಎಂದು ಅಚ್ಚಾಗಿದ್ದರೂ ಕೆಳ ಬ್ಯಾಂಡಿನಲ್ಲಿ ಅವು ಸರಿಯಾಗಿ ಹೊಂದಿಕೊಂಡಿರುವುದಿಲ್ಲ. ಇದನ್ನು ತಿಳಿಯಲು ದತ್ತಾಂಶದ ಹಾಳೆಯಲ್ಲಿ ವಿಎಸ್‌ಡಬ್ಲ್ಯುಆರ್ ಎಂಬ ನಕ್ಷೆಯನ್ನು ನೋಡಬೇಕು: ಅದು 2 ಇದ್ದರೆ ಶಕ್ತಿಯ ಶೇ 11ರಷ್ಟು ಹಿಂದಕ್ಕೆ ಮರಳುತ್ತದೆ, 4 ಇದ್ದರೆ ಶೇ 36ರಷ್ಟು. ಆ ನಕ್ಷೆಯನ್ನೇ ಕೊಡದ ಆಂಟೆನಾವನ್ನು ಕೊಳ್ಳಬಾರದೆಂಬುದು ನನ್ನ ನಿಲುವು.

ಕೊನೆಗೆ ಮೂರು ಬಗೆಯ ಆಂಟೆನಾಗಳನ್ನು ಹೊತ್ತು ಹೊರಟೆವು. ಮೊದಲನೆಯದು ಛಾವಣಿಗೆ ಅಂಟುವ ಗಿಡ್ಡ ಗುಮ್ಮಟ. ಅದರೊಳಗೆ ಮೊಬೈಲ್ ಜಾಲದ ಎರಡು ಆಂಟೆನಾಗಳು, ವೈಫೈಗೆ ಎರಡು, ಜಿಪಿಎಸ್‌ಗೆ ಒಂದು ಇದ್ದವು. ಎರಡನೆಯದು ಪರಿಚಿತರೊಬ್ಬರಿಂದ ತಂದ, ಸುತ್ತಲೂ ಹರಡುವ 9 ಡಿಬಿಐಯ ಉದ್ದನೆಯ ಫೈಬರ್ ಕೋಲು. ಮೂರನೆಯದು ಕಂಬಕ್ಕೆ ಕಟ್ಟಿ ಒಂದೇ ದಿಕ್ಕಿಗೆ ತಿರುಗಿಸುವ ಚಪ್ಪಟೆ ಫಲಕ, ಅದಕ್ಕೆ ಎರಡು ಕೇಬಲ್. ಇವುಗಳಲ್ಲಿ ಯಾವುದು ವಾಹನದಲ್ಲಿ ಉಳಿಯಬೇಕೆಂಬುದನ್ನು ದಾರಿಯಲ್ಲೇ ತೀರ್ಮಾನಿಸುವುದೆಂದು ಒಪ್ಪಿಕೊಂಡೆವು. ಸಾಕೆಟ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ: ರೌಟರುಗಳಲ್ಲಿ ಮೊಬೈಲ್ ಜಾಲದ ಸಾಕೆಟ್ ಸಾಮಾನ್ಯವಾಗಿ ಎಸ್‌ಎಂಎ, ವೈಫೈಯದು ಆರ್‌ಪಿ-ಎಸ್‌ಎಂಎ. ಎರಡೂ ನೋಡಲು ಒಂದೇ ತೆರನಾಗಿದ್ದು, ತಪ್ಪಿ ತಿರುಪಿದರೂ ಕೂರುತ್ತವೆ. ಒಳಗಿನ ಸೂಜಿ ಮಾತ್ರ ತಾಗುವುದಿಲ್ಲ.

ಶನಿವಾರ, ಸಕಲೇಶಪುರ

ನೆಲಮಂಗಲದಿಂದ ಹಾಸನದವರೆಗಿನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಆಂಟೆನಾದ ಪರೀಕ್ಷೆಗೆ ಅವಕಾಶವೇ ಇರಲಿಲ್ಲ. ಬಯಲು ಸೀಮೆಯ ಉದ್ದಕ್ಕೂ ಟವರುಗಳು ದಟ್ಟವಾಗಿರುವುದರಿಂದ ಮೂರರಲ್ಲಿ ಯಾವುದನ್ನು ಸಿಕ್ಕಿಸಿದರೂ ಫಲ ಒಂದೇ ಆಗಿತ್ತು. ವಾರಾಂತ್ಯದ ಪ್ರವಾಸಿಗರೆಲ್ಲ ಉಪಾಹಾರಕ್ಕೆ ನಿಲ್ಲುವ ಹೋಟೆಲುಗಳ ಬಳಿ ಸಿಗ್ನಲ್ ಪೂರ್ತಿ ಇದ್ದೂ ವೇಗ ಬಿದ್ದುಹೋಗುತ್ತಿತ್ತು. ಒಂದೇ ಟವರನ್ನು ನೂರಾರು ಮಂದಿ ಹಂಚಿಕೊಂಡಾಗ ಛಾವಣಿಯ ಮೇಲೆ ಏನಿಟ್ಟರೂ ಪ್ರಯೋಜನವಿಲ್ಲ.

ಹಾಸನದಲ್ಲಿ ಕೇಬಲಿನ ಕನೆಕ್ಟರ್ ಒಂದಕ್ಕಾಗಿ ಅಂಗಡಿ ಹೊಕ್ಕಾಗ, ನಮ್ಮ ಅಗತ್ಯ ಕೇಳಿಕೊಂಡ ಮಾಲೀಕರು ‘ಇದೆಲ್ಲ ಯಾಕೆ ಸಾರ್, ಒಂದು ಬೂಸ್ಟರ್ ಹಾಕಿಸಿಬಿಡಿ’ ಎಂದರು. ಭಾವನಿಗೂ ಆ ಮಾತು ಹಿಡಿಸಿತು. ನಾನು ಬೇಡವೆಂದೆ. ಬೂಸ್ಟರ್ ಎಂದು ಮಾರುವುದು ಹೊರಗಿನ ಸಿಗ್ನಲನ್ನು ಹಿಡಿದು, ವಿದ್ಯುತ್ತಿನಿಂದ ಬಲಪಡಿಸಿ, ಮತ್ತೆ ಗಾಳಿಗೆ ಬಿಡುವ ಪ್ರಸಾರಕ ಯಂತ್ರ. ಮೊಬೈಲ್ ಕಂಪನಿಗಳ ತರಂಗಗಳಲ್ಲಿ ಖಾಸಗಿ ವ್ಯಕ್ತಿಗಳು ಅನುಮತಿಯಿಲ್ಲದೆ ಇಂಥ ರಿಪೀಟರನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಕಾಲದಿಂದಲೂ ಅಪರಾಧ, ಮತ್ತು ಅದಕ್ಕೆ ಕಾರಣವೂ ಇದೆ: ಕಳಪೆ ಬೂಸ್ಟರ್ ಟವರಿನ ಕಿವಿಗೆ ಗದ್ದಲ ತುಂಬಿ ಸುತ್ತಲಿನ ಎಲ್ಲರ ಕರೆಗಳನ್ನೂ ಕೆಡಿಸುತ್ತದೆ. ನಾವು ಮಾಡುತ್ತಿದ್ದುದು ಬೇರೆ. ನಮ್ಮದೇ ರೌಟರಿಗೆ ತಂತಿಯ ಮೂಲಕ ಹೊರಗಿನ ಆಂಟೆನಾ ಜೋಡಿಸಿದರೆ ಅಲ್ಲಿ ಹೊಸ ಪ್ರಸಾರಕವೇನೂ ಹುಟ್ಟುವುದಿಲ್ಲ.

ಸಕಲೇಶಪುರದಾಚೆ ಕಾಫಿ ತೋಟವೊಂದರ ಅಂಗಳದಲ್ಲಿ, ಕಣದಲ್ಲಿ ಹರಡಿದ್ದ ಅರೇಬಿಕಾ ಹಣ್ಣಿನ ಹುಳಿ ವಾಸನೆಯ ನಡುವೆ, ಮೊದಲ ನಿಜವಾದ ಪರೀಕ್ಷೆ ನಡೆಯಿತು. ಅಂಗಡಿಯಲ್ಲಿ ಯಾರೂ ಹೇಳದ ಸಂಗತಿಯೆಂದರೆ, ಛಾವಣಿಗೆ ಅಂಟುವ ಬಹುಪಾಲು ಗಿಡ್ಡ ಆಂಟೆನಾಗಳು ತಮ್ಮ ಕೆಳಗೆ ಲೋಹದ ಹಾಸು ಇದೆಯೆಂದು ನಂಬಿ ರೂಪುಗೊಂಡಿರುತ್ತವೆ. ಕಾರಿನ ತಗಡಿನ ಛಾವಣಿ ತಾನಾಗಿಯೇ ಆ ಹಾಸಾಗುತ್ತದೆ, ಆಂಟೆನಾದ ಕಾಣದ ಅರ್ಧಭಾಗವೇ ಅದು. ನಮ್ಮದು ಫೈಬರ್ ಛಾವಣಿ. ಗುಮ್ಮಟವನ್ನು ಅದರ ಮೇಲೆ ಸುಮ್ಮನೆ ಇಟ್ಟಾಗ ರೌಟರಿನ ಪರದೆಯಲ್ಲಿ ಸಿಗ್ನಲ್ ಮೈನಸ್ 109 ಡಿಬಿಎಂ (ಸಿಗ್ನಲಿನ ಬಲದ ಅಳತೆ) ಆಸುಪಾಸಿನಲ್ಲಿ ತೊನೆಯುತ್ತಿತ್ತು. ಭಾವ ತಮ್ಮ ಪೆಟ್ಟಿಗೆಯಿಂದ ಅಲ್ಯೂಮಿನಿಯಂ ಹಾಳೆ ತೆಗೆದು, ಒಂದೊಂದು ಬದಿಯೂ ಒಂದಡಿಗಿಂತ ಸ್ವಲ್ಪ ಹೆಚ್ಚಿರುವಂತೆ ಕತ್ತರಿಸಿ ಅಡಿಗಿಟ್ಟರು. ಅಳತೆಗೆ ಆಧಾರವಿತ್ತು: 700 ಮೆಗಾಹರ್ಟ್ಸಿನಲ್ಲಿ ತರಂಗದ ಉದ್ದ ಸುಮಾರು 43 ಸೆಂ.ಮೀ., ಅದರ ಕಾಲುಭಾಗ 11 ಸೆಂ.ಮೀ. ಹತ್ತಿರ, ಆಂಟೆನಾದಿಂದ ಎಲ್ಲ ದಿಕ್ಕಿಗೂ ಕನಿಷ್ಠ ಅಷ್ಟು ಲೋಹ ಚಾಚಿರಬೇಕು. ಹಾಳೆ ಬಂದ ಮೇಲೆ ಓದು ಮೈನಸ್ 104ಕ್ಕೆ ಏರಿ ನಿಂತಿತು.

ಈ ಸಂಖ್ಯೆಗಳು ಮೈನಸ್ಸಿನಲ್ಲಿರುವುದರಿಂದ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದೆಂದು ಓದಬೇಕು. ಮೈನಸ್ 80–90 ಇದ್ದರೆ ಆರಾಮ, 100 ದಾಟಿದರೆ ಜಾಗ್ರತೆ, 115 ದಾಟಿದರೆ ಪಾಠ ನಿಲ್ಲುವ ಸಂಭವ ಹೆಚ್ಚು. ಪ್ರತಿ 3 ಡಿಬಿ ಏರಿಕೆಯೆಂದರೆ ಶಕ್ತಿ ಇಮ್ಮಡಿಯಾದಂತೆ. ಅಕ್ಕನ ಅಂದಿನ ತ್ರಿಕೋನಮಿತಿ ಪಾಠ ಎಲ್ಲಿಯೂ ಕಡಿಯಲಿಲ್ಲ.

ಭಾನುವಾರ, ಕಳಸ

ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿ ನಿಲ್ಲದೆ ಹೋಗುವವರನ್ನು ನಾನು ಕಂಡಿಲ್ಲ. ಪಾಠವಿಲ್ಲದ ದಿನವಾದ್ದರಿಂದ ಉದ್ದನೆಯ ಕೋಲನ್ನು ಪರೀಕ್ಷಿಸಲು ಇದೇ ಸರಿಯಾದ ದಾರಿಯೆಂದು, ಅದನ್ನು ಹಿಂಬದಿಯ ಏಣಿಗೆ ಕಟ್ಟಿದೆವು. ಕೋಲಿಗೆ ಕೇಬಲ್ ಒಂದೇ ಇರುವುದರಿಂದ ರೌಟರಿನ ಎರಡನೆಯ ಸಾಕೆಟ್ಟಿಗೆ ಗುಮ್ಮಟದ ಒಂದು ಎಳೆಯನ್ನು ಕೊಟ್ಟೆವು. 4ಜಿಯಲ್ಲಿ ಟವರು ಒಂದೇ ಕಾಲಕ್ಕೆ ಎರಡು ಬೇರೆ ಹರಿವುಗಳಲ್ಲಿ ಮಾಹಿತಿ ಕಳುಹಿಸುತ್ತದೆ, ಅವುಗಳನ್ನು ಬಿಡಿಸಿ ಓದಲು ಎರಡು ಆಂಟೆನಾ ಬೇಕು. ಒಂದನ್ನು ಖಾಲಿ ಬಿಟ್ಟರೆ ಒಳ್ಳೆಯ ಸಿಗ್ನಲ್ ಇದ್ದ ಕಡೆ ಇಳಿಕೆಯ (ಡೌನ್‌ಲೋಡ್) ವೇಗ ಅರ್ಧಕ್ಕೆ ಬರುತ್ತದೆ. ಒಂಟಿ ಕೋಲನ್ನು ದೊಡ್ಡ ಬೆಲೆಗೆ ಕೊಂಡು ಮತ್ತೊಂದು ಸಾಕೆಟ್ಟನ್ನು ಮರೆಯುವವರು ಹಣ ಕೊಟ್ಟು ವೇಗ ಕಳೆದುಕೊಳ್ಳುತ್ತಾರೆ.

ಕೊಟ್ಟಿಗೆಹಾರದಿಂದ ಕಳಸದತ್ತ ರಸ್ತೆ ಕಿರಿದಾಗಿ, ಸಿಲ್ವರ್ ಓಕ್ ಮತ್ತು ನೆರಳು ಮರಗಳ ಕೊಂಬೆಗಳು ತಲೆಯ ಮೇಲೇ ಬಾಗುತ್ತವೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೋಲಿಗೆ ಕೊಂಬೆ ತಾಗುವ ಸದ್ದು ಕೇಳತೊಡಗಿತು.

‘ಭಾವ, ಸ್ವಲ್ಪ ನಿಧಾನ ಹೋಗಿ.’

‘ನಿಧಾನ ಹೋದ್ರೆ ಕೊಂಬೆ ಮೇಲೇಳ್ತದಾ ಮಾರಾಯ? ಅದನ್ನ ಬಿಚ್ಚಿ ಒಳಗೆ ಹಾಕು. ಎಲ್ಲಾದ್ರು ನಿಂತಾಗ ಕಟ್ಟಿದ್ರಾಯ್ತು.’

ಹಾಗೆಯೇ ಮಾಡಿದೆವು. ಕಳಸದ ಹತ್ತಿರ, ಭದ್ರೆಯ ದಂಡೆಯಿಂದ ತುಸು ಮೇಲಿನ ಓರೆ ಜಾಗದಲ್ಲಿ ನಿಂತಾಗ ಎದುರಿನ ಗುಡ್ಡದ ನೆತ್ತಿಯಲ್ಲಿ ಟವರು ಬರಿಗಣ್ಣಿಗೇ ಕಾಣುತ್ತಿತ್ತು. ಅಷ್ಟು ಸಮೀಪದ ಟವರಿಗೆ 9 ಡಿಬಿಐ ಕೋಲು ಗಿಡ್ಡ ಗುಮ್ಮಟಕ್ಕಿಂತ ಕಡಿಮೆ ಸಿಗ್ನಲ್ ತೋರಿಸಿತು. ಭಾವ ಕೇಬಲ್ ಕೆಟ್ಟಿರಬೇಕೆಂದು ಬಿಚ್ಚಿ ನೋಡಿದರು, ಕೆಟ್ಟಿರಲಿಲ್ಲ.

ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಒಂದು ಆಕಾರಕ್ಕೆ ತರುತ್ತದೆ. ಕಡಿಮೆ ಡಿಬಿಐಯ ಆಂಟೆನಾದ ವ್ಯಾಪ್ತಿ ಉಂಡೆಯಂತೆ ಮೇಲೂ ಕೆಳಗೂ ಉಬ್ಬಿರುತ್ತದೆ. ಡಿಬಿಐ ಏರಿಸಬೇಕೆಂದರೆ ಆ ಉಂಡೆಯನ್ನು ಅಮುಕಿ ದೋಸೆಯಾಗಿಸಬೇಕು. 9 ಡಿಬಿಐ ಕೋಲಿನ ದೋಸೆಯ ದಪ್ಪ ಲಂಬವಾಗಿ ಸುಮಾರು 15 ಡಿಗ್ರಿ, ಅಂದರೆ ದಿಗಂತದಿಂದ ಮೇಲಕ್ಕೆ ಏಳೂವರೆ, ಕೆಳಕ್ಕೆ ಏಳೂವರೆ. ಒಂದು ಕಿಲೋಮೀಟರ್ ದೂರದಲ್ಲಿ ನಮಗಿಂತ 200 ಮೀಟರ್ ಎತ್ತರದ ಗುಡ್ಡದ ಮೇಲಿರುವ ಟವರು ದಿಗಂತದಿಂದ 11 ಡಿಗ್ರಿಗಿಂತ ಮೇಲಿರುತ್ತದೆ, ಆದ್ದರಿಂದ ಅದು ದೋಸೆಯ ಅಂಚಿನ ಹೊರಗೆ ಉಳಿಯುತ್ತದೆ. ಅದರ ಜೊತೆಗೆ ನಮ್ಮ ವಾಹನ ನಿಂತದ್ದೇ ಇಳಿಜಾರಿನಲ್ಲಿ. ವಾಹನ ವಾಲಿದರೆ ಕೋಲೂ ವಾಲುತ್ತದೆ, ಅದರ ದೋಸೆಯೂ. ಘಟ್ಟ ಪ್ರದೇಶದಲ್ಲಿ ಚಲಿಸುವ ವಾಹನಕ್ಕೆ ಪೆಟ್ಟಿಗೆಯ ಮೇಲಿನ ದೊಡ್ಡ ಡಿಬಿಐ ಅಂಕಿ ಬಹುಮಟ್ಟಿಗೆ ತೊಡಕೇ ಎಂಬುದು ಕಳಸದಲ್ಲಿ ನನಗೆ ಖಚಿತವಾಯಿತು. 2ರಿಂದ 5ರವರೆಗಿನ ಅಂಕಿಯೇ ಇಲ್ಲಿ ತಕ್ಕದ್ದು.

ಸೋಮವಾರ, ಕುದುರೆಮುಖದ ದಾರಿಯಾಗಿ ಆಗುಂಬೆ

ಕಳಸದಿಂದ ಸಂಸೆ, ಕುದುರೆಮುಖ, ಕೆರೆಕಟ್ಟೆ ದಾರಿಯಾಗಿ ಶೃಂಗೇರಿಗೆ ಹೋಗುವ ರಸ್ತೆ ರಾಷ್ಟ್ರೀಯ ಉದ್ಯಾನದ ನಡುವೆ ಸಾಗುತ್ತದೆ. ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತ ಮೇಲೆ ಕುದುರೆಮುಖದ ಊರು ಬಹುತೇಕ ಖಾಲಿಯಾಗಿದೆ. ಕಾಡು ಮತ್ತು ಶೋಲಾ ಹುಲ್ಲುಗಾವಲಿನಲ್ಲಿ ಟವರು ನೆಡುವುದು ಸುಲಭವಲ್ಲ, ನೆಡಬೇಕೆಂದೂ ನನಗನಿಸುವುದಿಲ್ಲ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಸೀಮೆಯನ್ನು ಹಾದು ಹೋಗುವಾಗ ರೌಟರಿನ ಪರದೆಯಲ್ಲಿ ಬಹಳ ಹೊತ್ತು ಏನೂ ಇರಲಿಲ್ಲ. ಯಾವ ಆಂಟೆನಾವಾದರೂ ಇಲ್ಲಿ ಒಂದೇ. ಇಲ್ಲದ ಸಿಗ್ನಲನ್ನು ಗುಣಿಸಿದರೆ ಸೊನ್ನೆಯೇ ಬರುತ್ತದೆಂದು ಗಣಿತದ ಅಕ್ಕ ನಗುತ್ತ ಹೇಳಿ, ಕಿಟಕಿಯಾಚೆ ನೋಡುತ್ತ ಕುಳಿತಳು.

ಸಿಗ್ನಲ್ ಇದ್ದೂ ಇಲ್ಲದಂತಿದ್ದ ಅಂಚಿನ ಪ್ರದೇಶಗಳು ಮಾತ್ರ ಪಾಠ ಕಲಿಸಿದವು. ವಾಹನ ತಿರುವಿನಿಂದ ತಿರುವಿಗೆ ಮುಖ ಬದಲಿಸುವಾಗ ಒಂದೇ ದಿಕ್ಕಿನ ಫಲಕ ನಿರುಪಯೋಗಿ, ಅದನ್ನು ನಾವು ಹಾಸಿಗೆಯಡಿಯಿಂದ ತೆಗೆಯಲೇ ಇಲ್ಲ. ಗುಮ್ಮಟವು ಎಲ್ಲ ದಿಕ್ಕಿನಿಂದಲೂ ಹಿಡಿಯುವುದರಿಂದ, ಶೃಂಗೇರಿಯ ಕಡೆ ಇಳಿಯುವಾಗ ಜೇಬಿನ ಮೊಬೈಲುಗಳು ಇನ್ನೂ ಸತ್ತಿರುವಂತೆಯೇ ಅದು ಎಚ್ಚೆತ್ತು ಸಂದೇಶಗಳನ್ನು ಇಳಿಸತೊಡಗಿತು. ರೌಟರನ್ನು ಒಂದೇ ಬ್ಯಾಂಡಿಗೆ ಕಟ್ಟಿಹಾಕುವ ಸೌಲಭ್ಯವನ್ನು ಚಲಿಸುವಾಗ ಬಳಸಬಾರದೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಂತಲ್ಲಿ ಅದು ಉಪಯುಕ್ತವಾದರೂ, ಮುಂದಿನ ಟವರಿನಲ್ಲಿ ಆ ಬ್ಯಾಂಡ್ ಇಲ್ಲದಿದ್ದರೆ ರೌಟರ್ ಸಿಗ್ನಲ್ಲಿನ ನಡುವೆಯೇ ಕುರುಡಾಗಿ ಕೂರುತ್ತದೆ.

ಆಗುಂಬೆಯಲ್ಲಿ ಪಾಠದ ಹೊತ್ತಿಗೆ ಮುನ್ನ ಸೂರ್ಯಾಸ್ತದ ಕಟ್ಟೆಗೆ ಹೋದೆವು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಾದರೂ ಡಿಸೆಂಬರಿನ ಆಕಾಶ ತಿಳಿಯಾಗಿದ್ದು, ಪಶ್ಚಿಮಕ್ಕೆ ಕರಾವಳಿಯ ಬಯಲು ನಿಚ್ಚಳವಾಗಿ ಕಾಣುತ್ತಿತ್ತು. ಇಲ್ಲಿ ನಾನು ಹಟ ಹಿಡಿದು ಕೋಲನ್ನು ಮತ್ತೆ ಕಟ್ಟಿಸಿದೆ. ಕಳಸದಲ್ಲಿ ಸೋತದ್ದು ಇಲ್ಲಿ ಗುಮ್ಮಟವನ್ನು ಸ್ಪಷ್ಟವಾಗಿ ಮೀರಿಸಿತು. ನಾವು ಕರಾವಳಿಗಿಂತ ಸುಮಾರು 650 ಮೀಟರ್ ಎತ್ತರದಲ್ಲಿದ್ದರೂ, 25 ಕಿಲೋಮೀಟರ್ ಆಚೆಯ ಟವರು ದಿಗಂತದಿಂದ ಕೆಳಗಿರುವುದು ಒಂದೂವರೆ ಡಿಗ್ರಿಯಷ್ಟು ಮಾತ್ರ. ದೋಸೆಯ ನಟ್ಟನಡುವೆಯೇ ಅದು ಬೀಳುತ್ತದೆ. ದೂರದ ಟವರುಗಳೆಲ್ಲ ದಿಗಂತಕ್ಕೆ ಅಂಟಿಕೊಂಡಿರುತ್ತವೆ, ಹತ್ತಿರದ ಗುಡ್ಡದವು ಮಾತ್ರ ತಲೆಯೆತ್ತಿ ನೋಡಬೇಕಾದವು. ಆದರೆ ದೂರದ ಹತ್ತಾರು ಟವರುಗಳು ಒಮ್ಮೆಗೇ ಕೇಳಿಸುವುದರಿಂದ ಸಿಗ್ನಲಿನ ಬಲ ಹೆಚ್ಚಿದ್ದೂ ಸ್ವಚ್ಛತೆ ಕಡಿಮೆಯಿತ್ತು. ಈ ಸ್ವಚ್ಛತೆಯನ್ನು ರೌಟರುಗಳು ಎಸ್‌ಐಎನ್‌ಆರ್ ಎಂದು ತೋರಿಸುತ್ತವೆ. 20 ಇದ್ದರೆ ಅತ್ಯುತ್ತಮ, ಸೊನ್ನೆಗಿಳಿದರೆ ಗದ್ದಲವೂ ಮಾತೂ ಸಮಸಮ. ಅಂದು ಅದು 3ರ ಸುತ್ತ ಇತ್ತು. ಊರೊಳಗೆ ಬಂದು ಗುಮ್ಮಟಕ್ಕೆ ಮರಳಿದಾಗ ಬಲ ತಗ್ಗಿದರೂ ಎಸ್‌ಐಎನ್‌ಆರ್ 11 ಆಗಿ, ಅಕ್ಕನ ಮಕ್ಕಳಿಗೆ ಹಲಗೆಯ ಮೇಲಿನ ಅಕ್ಷರಗಳು ಸ್ಪಷ್ಟವಾಗಿ ಕಂಡವು.

ಮಂಗಳವಾರ, ಸಾಗರ

ತೀರ್ಥಹಳ್ಳಿ, ಹೊಸನಗರ ದಾರಿಯಾಗಿ ಸಾಗರ ತಲುಪಿದ ಈ ದಿನ ಕೇಬಲಿಗೆ ಮೀಸಲಾಯಿತು. ಗುಮ್ಮಟದ ಜೊತೆ ಬಂದಿದ್ದ ತೆಳು ತಂತಿಗೆ ಐದು ಮೀಟರಿನ ಆರ್‌ಜಿ-58 ಕೇಬಲ್ ಜೋಡಿಸಿ, ಚಾಲಕನ ಆಸನದ ಕೆಳಗಿನ ರೌಟರಿಗೆ ತಂದಿದ್ದೆವು. ಆರ್‌ಜಿ-58 ಕೇಬಲ್ 900 ಮೆಗಾಹರ್ಟ್ಸಿನಲ್ಲಿ ಮೀಟರಿಗೆ ಸುಮಾರು ಅರ್ಧ ಡಿಬಿ ನುಂಗುತ್ತದೆ. 2300ಕ್ಕೆ ಹೋದರೆ ಅದು ಒಂದು ಡಿಬಿಯ ಸಮೀಪಕ್ಕೆ ಬರುತ್ತದೆ. ಐದು ಮೀಟರ್ ಎಂದರೆ ಮೇಲಿನ ಬ್ಯಾಂಡಿನಲ್ಲಿ ಆಂಟೆನಾ ಗಳಿಸಿದ್ದೆಲ್ಲ ದಾರಿಯಲ್ಲೇ ಮುಗಿದಂತೆ. ಮ್ಯಾಗ್ನೆಟ್ ಆಂಟೆನಾಗಳ ಜೊತೆ ಬರುವ ಬೆರಳಿಗಿಂತ ಬಹಳ ತೆಳುವಾದ ಆರ್‌ಜಿ-174 ಇನ್ನೂ ದುಬಾರಿ, 900ರಲ್ಲೇ ಮೀಟರಿಗೆ ಒಂದು ಡಿಬಿಯ ಹತ್ತಿರ. ಎಲ್‌ಎಂಆರ್-200 ಜಾತಿಯ ಕೇಬಲ್ 900ರಲ್ಲಿ ಮೀಟರಿಗೆ ಮೂರನೇ ಒಂದು ಡಿಬಿಯಷ್ಟನ್ನೇ ಕಳೆಯುತ್ತದೆ. ಎಲ್‌ಎಂಆರ್-400 ಅದಕ್ಕಿಂತಲೂ ಚೆನ್ನ, ಆದರೆ ವಾಹನದ ಮೂಲೆಗಳಲ್ಲಿ ಬಗ್ಗಿಸಲು ಬಾರದಷ್ಟು ಬಿರುಸು.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಕೇಬಲನ್ನೇ ಮೊಟಕುಗೊಳಿಸುವುದು. ಭಾವ ರೌಟರನ್ನು ಆಸನದ ಕೆಳಗಿನಿಂದ ಕಿತ್ತು ಮೇಲಿನ ಕಪಾಟಿಗೆ, ಗುಮ್ಮಟದ ನೇರ ಕೆಳಕ್ಕೆ ತಂದರು. ವಿದ್ಯುತ್ತಿನ ತಂತಿ ಎಷ್ಟು ಉದ್ದವಾದರೂ ಚಿಂತೆಯಿಲ್ಲ, ಆಂಟೆನಾದ ಕೇಬಲ್ ಮಾತ್ರ ಒಂದು ಮೀಟರನ್ನು ಮೀರಬಾರದೆಂಬುದು ಅಂದಿನಿಂದ ನಮ್ಮ ನಿಯಮವಾಯಿತು. ಕಪಾಟಿನಲ್ಲಿ ಮಧ್ಯಾಹ್ನ ಸೆಕೆ ಹೆಚ್ಚಾಗುವುದರಿಂದ ಬಾಗಿಲಿಗೆ ಜಾಲರಿ ಕೂರಿಸಬೇಕಾಯಿತು.

ಇದೇ ಹೊತ್ತಿಗೆ ಅವರಿಗೊಂದು ಹೊಳಹು ಬಂತು. ಫೈಬರ್ ರೇಡಿಯೊ ತರಂಗಗಳಿಗೆ ಅಡ್ಡಿಯಲ್ಲವೆಂದಾದರೆ ಗುಮ್ಮಟ ಹೊರಗೇಕೆ ಇರಬೇಕು? ಛಾವಣಿಯ ಒಳಮೈಗೆ ತಾಗಿಸಿ, ಅಡಿಯಲ್ಲಿ ಅಲ್ಯೂಮಿನಿಯಂ ಹಾಳೆಯನ್ನು ಬಿಗಿದರೆ ತೂತು ಕೊರೆಯಬೇಕಾಗಿಲ್ಲ, ಮಳೆಗಾಲದಲ್ಲಿ ಸೋರುವ ಭಯವಿಲ್ಲ, ಕೊಂಬೆಯ ಕಾಟವೂ ಇಲ್ಲ. ಮಾಡಿ ನೋಡಿದಾಗ ಹೊರಗಿಟ್ಟುದಕ್ಕೂ ಒಳಗಿಟ್ಟುದಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತಗಡಿನ ಛಾವಣಿಯವರಿಗೆ ಇಲ್ಲದ ಅನುಕೂಲವಿದು. ಸೌರಫಲಕದ ಕೆಳಗೆ ಮಾತ್ರ ಬರಬಾರದು, ಅದರ ಅಲ್ಯೂಮಿನಿಯಂ ಚೌಕಟ್ಟು ಮತ್ತು ಒಳಗಿನ ಲೋಹದ ಗೆರೆಗಳು ಸಿಗ್ನಲಿಗೆ ಮುಚ್ಚಳವಾಗುತ್ತವೆ.

ಬುಧವಾರ, ಶರಾವತಿಯ ಹಿನ್ನೀರು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು ದಶಕಗಳ ಕಾಲ ಲಾಂಚನ್ನೇ ನಂಬಿ ಬದುಕಿದವರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ನಾವು ನೀರನ್ನು ಕೆಲವೇ ನಿಮಿಷಗಳಲ್ಲಿ ದಾಟಿಬಿಟ್ಟೆವು. ನೆಟ್‌ವರ್ಕಿನ ಸಂಕಟ ಮಾತ್ರ ಇಲ್ಲಿ ಹಲವು ಹಳ್ಳಿಗಳಲ್ಲಿ ಹಾಗೆಯೇ ಇದೆ. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲವೆಂಬ ಕೂಗು ಮಲೆನಾಡಿನಲ್ಲಿ ಎದ್ದದ್ದು ಸುಮ್ಮನೆ ಅಲ್ಲ.

ಪರಿಚಿತರ ಅಡಿಕೆ ತೋಟದಂಚಿನಲ್ಲಿ, ಹಿನ್ನೀರು ಕಾಣುವ ದಿಬ್ಬದ ಮೇಲೆ ನಿಂತೆವು. ಜೇಬಿನ ಮೊಬೈಲುಗಳಲ್ಲಿ ‘ತುರ್ತು ಕರೆ ಮಾತ್ರ’ ಎಂದಿತ್ತು. ಗುಮ್ಮಟ ಹೇಗೋ ಮೈನಸ್ 118ರಲ್ಲಿ ಒಂದು ಎಳೆ ಹಿಡಿದಿತ್ತು. ಸಂದೇಶ ಬರುತ್ತಿದ್ದವು, ಕಳುಹಿಸಿದರೆ ಹೋಗುತ್ತಿರಲಿಲ್ಲ. ಇದರ ಕಾರಣವನ್ನು ತಿಳಿದರೆ ಆಂಟೆನಾದ ನಿಜವಾದ ಉಪಯೋಗವೂ ತಿಳಿಯುತ್ತದೆ. ಟವರು ದೊಡ್ಡ ಶಕ್ತಿಯಿಂದ ಕೂಗುತ್ತದೆ. ನಮ್ಮ ರೌಟರಾಗಲಿ ಮೊಬೈಲಾಗಲಿ ಉತ್ತರ ಕೊಡುವುದು ಸಾಮಾನ್ಯವಾಗಿ 23 ಡಿಬಿಎಂ, ಅಂದರೆ ಒಂದು ವ್ಯಾಟಿನ ಐದನೇ ಒಂದು ಭಾಗದಷ್ಟು ಶಕ್ತಿಯಲ್ಲಿ. ಪರದೆಯ ಮೇಲಿನ ಕಡ್ಡಿಗಳು ನಮಗೆ ಕೇಳಿಸುತ್ತಿರುವುದನ್ನು ಮಾತ್ರ ಹೇಳುತ್ತವೆ, ನಮ್ಮ ಮಾತು ಅತ್ತ ತಲುಪುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ಸಿನಿಮಾ ನೋಡುವವರಿಗೆ ಇಳಿಕೆಯೇ ಮುಖ್ಯ. ಪಾಠ ಹೇಳುವವರಿಗೆ ಏರಿಕೆಯೇ (ಅಪ್‌ಲೋಡ್) ಜೀವಾಳ, ಮತ್ತು ಒಳ್ಳೆಯ ಆಂಟೆನಾ ಎರಡೂ ದಿಕ್ಕಿಗೆ ಸಮನಾಗಿ ನೆರವಾಗುತ್ತದೆ.

ಫಲಕಕ್ಕೆ ಕೆಲಸ ಬಂದದ್ದು ಇಲ್ಲಿ. ಭಾವ ತಮ್ಮ ಹಳೆಯ ಅಡಿಕೆ ಕೊಯ್ಯುವ ದೋಟಿಯಂತೆ ಒಂದರೊಳಗೊಂದು ಸೇರುವ ಕಂಬವನ್ನು ಏಣಿಗೆ ಬಿಗಿದು ಫಲಕವನ್ನು ಮೇಲಕ್ಕೆತ್ತಿದರು. ವಿದ್ಯುತ್ ತಂತಿಯೇನಾದರೂ ಹತ್ತಿರವಿದೆಯೇ ಎಂದು ಮೊದಲು ನೋಡಿಕೊಂಡದ್ದು ಅವರೇ. ದಿಕ್ಕು ಹುಡುಕುವಾಗ ಅವಸರ ಸಲ್ಲದು: ಕಂಬವನ್ನು ಸ್ವಲ್ಪ ತಿರುಗಿಸಿ, ರೌಟರಿನ ಓದು ನೆಲೆಗೊಳ್ಳಲು ಅರ್ಧ ನಿಮಿಷ ಕಾದು, ಬರೆದುಕೊಂಡು, ಮತ್ತೆ ತಿರುಗಿಸಬೇಕು. ನಾನು ಕೂಗುವುದು, ಅವರು ತಿರುಗಿಸುವುದು, ಅಕ್ಕ ಬರೆದುಕೊಳ್ಳುವುದು. ನಾವು ಊಹಿಸಿದ್ದ ಸಾಗರದ ದಿಕ್ಕಿನಲ್ಲಿ ಗುಡ್ಡ ಅಡ್ಡವಾಗಿತ್ತು. ಉತ್ತಮ ಓದು ಬಂದದ್ದು ನೀರಿನ ಹರಹಿನ ಆಚೆಗೆ, ಮೂರು ಮರಗಳ ನಡುವಿನ ಸಂದಿನಿಂದ. ನೀರಿನ ಮೇಲೆ ತಡೆಯಿಲ್ಲದ ದಾರಿ ಸಿಗುತ್ತದೆ. ಜೊತೆಗೊಂದು ತೊಂದರೆಯೂ ಇದೆ: ನೇರ ಬಂದ ತರಂಗದ ಜೊತೆಗೆ ನೀರಿನಿಂದ ಪುಟಿದ ತರಂಗವೂ ಸೇರಿ ಕೆಲವು ಎತ್ತರಗಳಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ಫಲಕವನ್ನು ಒಂದು ಮೊಳ ಕೆಳಗಿಳಿಸಿದಾಗ ಓದು ಸುಧಾರಿಸಿತೆಂದರೆ ಭಾವ ನಂಬಲಿಲ್ಲ.

‘ಎತ್ತರ ಇದ್ದಷ್ಟೂ ಒಳ್ಳೇದು ಅಂತ ನೀನೇ ಅಲ್ವಾ ಹೇಳಿದ್ದು?’

‘ಗುಡ್ಡ ಅಡ್ಡ ಇದ್ದಾಗ ಹೌದು ಭಾವ. ನೀರಿನ ಎದುರು ಹಾಗಲ್ಲ, ಮೇಲೆ ಕೆಳಗೆ ಎರಡೂ ಕಡೆ ಮಾಡಿ ನೋಡ್ಬೇಕು.’

ಕೊನೆಗೆ ಮೈನಸ್ 103, ಎಸ್‌ಐಎನ್‌ಆರ್ 14. ಆರು ಗಂಟೆಗೆ ಪಾಠ ಆರಂಭವಾಗುವಾಗ ತೋಟದ ಮನೆಯ ಹುಡುಗಿಯೊಬ್ಬಳು, ಆಕೆಯೂ ಹತ್ತನೇ ತರಗತಿಯವಳು, ಬಂದು ಅಕ್ಕನ ಪಕ್ಕ ಕುಳಿತಳು. ಫಲಕದಂಥ ಆಂಟೆನಾ ರಾತ್ರಿ ತಂಗುವವರಿಗೆ ಅಮೂಲ್ಯ. ಚಹಾ ಕುಡಿಯಲು ಅರ್ಧ ಗಂಟೆ ನಿಲ್ಲುವವರಿಗೆ ಅದರ ಕಂಬ ಎತ್ತಿ ಇಳಿಸುವುದೇ ಒಂದು ಉದ್ಯೋಗ.

ಗುರುವಾರ, ಹೊನ್ನಾವರ

ಜೋಗದಲ್ಲಿ ನೀರು ಇಳಿದಿದ್ದರೂ ಜನ ಇಳಿದಿರಲಿಲ್ಲ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 69 ಶರಾವತಿ ಕಣಿವೆಯ ಕಾಡಿನಲ್ಲಿ ಸುತ್ತುತ್ತ ಗೇರುಸೊಪ್ಪೆಗೆ ಇಳಿಯುತ್ತದೆ. ಇಳಿಜಾರಿನ ತಿರುವುಗಳಲ್ಲಿ ಸಿಗ್ನಲ್ ಬರುವುದು ಹೋಗುವುದು ನಡೆದೇ ಇತ್ತು. ಛಾವಣಿಯೊಳಗಿನ ಗುಮ್ಮಟ, ಮೋಟು ಕೇಬಲ್ ಮತ್ತು ಎರಡು ಕಂಪನಿಗಳ ಸಿಮ್‌ಗಳ ನಡುವೆ ತಾನಾಗಿ ಬದಲಾಗುವಂತೆ ಹೊಂದಿಸಿದ ರೌಟರ್, ಈ ಮೂರೂ ಸೇರಿ ಒಂದು ಕಡತವನ್ನು ದಾರಿಯಲ್ಲೇ ಕಚೇರಿಗೆ ಮುಟ್ಟಿಸಿದವು. ಒಂದೇ ಕಂಪನಿಯ ಎರಡು ಸಿಮ್ ಹಾಕುವುದಕ್ಕಿಂತ, ಒಂದು 850 ಅಥವಾ 900ರಲ್ಲಿ ಹರಡಿರುವುದು, ಮತ್ತೊಂದು ಬೇರೆ ಟವರುಗಳಲ್ಲಿ ಇರುವುದು ಎಂದು ನೋಡಿ ಹಾಕುವುದು ಆಂಟೆನಾ ಬದಲಿಸುವುದಕ್ಕಿಂತ ಹೆಚ್ಚಿನ ಲಾಭ ಕೊಡಬಹುದು.

ಹೊನ್ನಾವರದ ಬಯಲಿಗೆ ಬಂದಾಗ ಕೋಲಿಗೆ ಕೊನೆಯ ಅವಕಾಶ ಕೊಟ್ಟೆ. ಸಮತಟ್ಟು ನೆಲದಲ್ಲಿ, ದೂರದ ಟವರುಗಳೆಲ್ಲ ದಿಗಂತದಲ್ಲೇ ಇರುವಲ್ಲಿ ಅದು ಗುಮ್ಮಟಕ್ಕಿಂತ ನಾಲ್ಕೈದು ಡಿಬಿ ಮೇಲೆಯೇ ಓದಿತು. ಕರಾವಳಿಯ ಹೆದ್ದಾರಿ 66ರಲ್ಲೇ ಓಡಾಡುವವರಿಗೆ, ಬಯಲು ಸೀಮೆಯ ಹೊಲಗಳ ನಡುವೆ ನಿಲ್ಲುವವರಿಗೆ ಅಂಥ ಕೋಲಿನ ಜೋಡಿ, ಒಂದಕ್ಕೊಂದು ಸಾಕಷ್ಟು ದೂರದಲ್ಲಿ ಕೂರಿಸಿದ್ದು, ಒಳ್ಳೆಯ ಆಯ್ಕೆಯಾದೀತು. 850 ಮೆಗಾಹರ್ಟ್ಸಿನಲ್ಲಿ ಅರ್ಧ ತರಂಗದ ಉದ್ದ 18 ಸೆಂ.ಮೀ. ಹತ್ತಿರವಾದ್ದರಿಂದ ಜೋಡಿಯ ನಡುವೆ ಕನಿಷ್ಠ ಅಷ್ಟು ಅಂತರವಿರಬೇಕು. ನಾವು ವರ್ಷದ ಹೆಚ್ಚಿನ ಕಾಲ ಓಡಾಡುವುದು ಘಟ್ಟದಲ್ಲಿ.

ಹಾಗಾಗಿ ಗುಮ್ಮಟವನ್ನು ಛಾವಣಿಯೊಳಗೆ ಶಾಶ್ವತವಾಗಿ ಬಿಗಿಯುವುದು, ಫಲಕವನ್ನೂ ಕಂಬವನ್ನೂ ಹಾಸಿಗೆಯಡಿಯಲ್ಲಿ ಉಳಿಸಿಕೊಳ್ಳುವುದು, ಕೋಲನ್ನು ಪರಿಚಿತರಿಗೆ ಹಿಂದಿರುಗಿಸುವುದು ಎಂದು ತೀರ್ಮಾನವಾಯಿತು. ಫಲಕದ ಎರಡು ಕೇಬಲ್‌ಗಳಿಗೆ ಎಲ್‌ಎಂಆರ್-200 ತರಿಸಿ, ಏಣಿಯ ಬಳಿ ನೀರು ಹೊಗದ ಮುಚ್ಚಳದ ಸಾಕೆಟ್ ಕೂರಿಸುವ ಕೆಲಸ ಭಾವನ ಪಾಲಿಗೆ ಬಂದಿದೆ. ಮುಂಗಾರಿಗೆ ಮೊದಲು ಅದು ಮುಗಿಯಬೇಕು.